ಹುಳುಮನೆಗೆ ಕಾಲಿಟ್ಟವನು

ಆವನಿ
೨೨ ಜೂನ್ ೧೯೮೬, ಭಾನುವಾರ

ಪ್ರೀತಿಯ ತಮ್ಮ ಕದಿರೇಶನಿಗೆ,

ನಿನ್ನ ಅಕ್ಕ ಶ್ಯಾಮಲ ಬರೆಯುತ್ತಿದ್ದೇನೆ. ಹೇಗಿದ್ದೀಯಪ್ಪ? ಕಲ್ಪಾಕಂನ ಉಪ್ಪುಗಾಳಿಗೆ ಕೆಮ್ಮು ಹತ್ತಿಕೊಂಡಿದೆ ಎಂದಿದ್ದೆಯಲ್ಲ, ಕಡಿಮೆಯಾಯಿತಾ? ನಾನು ಕಟ್ಟಿಕೊಟ್ಟ ರಾಗಿಹಿಟ್ಟು ಮುಗಿಯಿತೋ, ಇಲ್ಲ ಡಬ್ಬದಲ್ಲೇ ಮುಗ್ಗು ಹಿಡಿಯಿತೋ? ಮೂರು ಹೊತ್ತೂ ಕ್ಯಾಂಟೀನಿನ ಇಡ್ಲಿ ತಿಂದುಕೊಂಡಿರುತ್ತೀಯ, ನನಗೆ ಗೊತ್ತು. ಮುದ್ದೆ ಮಾಡಿಕೊಳ್ಳುವುದಕ್ಕೆ ನಿನಗೆ ಮೈ ಬಗ್ಗುವುದಿಲ್ಲ, ಸೋಮಾರಿ. ಇಲ್ಲಿ ನಾವೆಲ್ಲ ಇದ್ದೇವೆ ಎನ್ನುವ ಹಾಗೆ ಇದ್ದೇವೆ. ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿದೆ, ಎದ್ದರೆ ಕೂರಲಾರ, ಕೂತರೆ ಏಳಲಾರ. ನಿನ್ನ ಭಾವನಿಗೆ ಹೊಲ, ಬೋರು, ದನ ಇಷ್ಟರಲ್ಲೇ ಹೊತ್ತು ಮುಳುಗುತ್ತದೆ. ನನಗೆ ಸೊಂಟ ಹಿಡಿದುಕೊಂಡಿದೆ. ಮನೆಯಲ್ಲಿ ಈಗ ರೇಷ್ಮೆಹುಳು ಇಲ್ಲ, ಸೊಪ್ಪು ಕೊಯ್ಯುವುದಿಲ್ಲ, ತಟ್ಟೆ ತೆಗೆಯುವುದಿಲ್ಲ, ಆದರೂ ಸುಸ್ತು ಬಿಟ್ಟಿಲ್ಲ ಕಣೋ. ಸುಮ್ಮನೆ ಕೂತರೂ ಸುಸ್ತು.

ಗುರುವಾರ ನಿನ್ನ ಕಾಗದ ಬಂತು. ಅಪ್ಪ ಜಗಲಿಯ ಮೇಲೆ ಕೂತಿದ್ದ, ಓದು ಎಂದ, ಓದಿದೆ. ಹುಳು ಸತ್ತದ್ದು ನಿನ್ನಿಂದಲೇ ಇರಬಹುದು, ಎಲ್ಲ ನಿಯಮ ಪಾಲಿಸಿಯೇ ಅಣುಸ್ಥಾವರದಿಂದ ಹೊರಗೆ ಬರುತ್ತೇನೆ, ಆದರೂ ನನಗೆ ತಿಳಿಯದ ಹಾಗೆ ಮೈಗೆ ಏನಾದರೂ ಅಂಟಿಕೊಂಡು ಬಂದಿತ್ತೋ ಏನೋ ಎಂದು ನಿದ್ದೆಯಿಲ್ಲ, ಈ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ಊರಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ನಿಲ್ಲಿಸಿ ಅಪ್ಪನ ಮುಖ ನೋಡಿದೆ. ಅಪ್ಪ ಇನ್ನೊಂದು ಸಲ ಓದಿಸಿಕೊಂಡ. ಆಮೇಲೆ, "ರಾನೀ ಬಿಡಮ್ಮ, ಬರ್ಲಿ" ಎಂದ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ಅಷ್ಟೇ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದ. ಅಪ್ಪ ನಿನಗೆ ಹುಳು ಸತ್ತ ವಿಷಯ ಮುಳಬಾಗಿಲಿನಲ್ಲಿ ಯಾರ ಕೈಲೋ ಬರೆಸಿ ಕಾರ್ಡು ಹಾಕಿದ್ದಾನೆ ಅನ್ನುವುದೇ ನನಗೆ ನಿನ್ನ ಕಾಗದದಿಂದ ಗೊತ್ತಾದದ್ದು. ಬರೆಯುವುದಕ್ಕೆ ಮನೆಯಲ್ಲಿ ನಾನಿಲ್ಲವಾ? ಏಳನೇ ಕ್ಲಾಸಿನ ತನಕ ನನ್ನನ್ನು ಓದಿಸಿದ್ದು ಯಾತಕ್ಕೆ? ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನೀನು ರಜಾ ಮುಗಿಸಿ ಹೋದ ಮೇಲೆ ಏನೇನಾಯಿತು ಎಂದು ಕಾರ್ಡಿನಲ್ಲಿ ಎಷ್ಟು ತಾನೇ ಹಿಡಿಸುತ್ತೆ, ಆದ್ದರಿಂದ ಬರೆಯುತ್ತಿದ್ದೇನೆ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ ಎನ್ನುವುದು ನಿನಗೂ ಗೊತ್ತು. ಸತ್ತ ಮನೆಗೆ ಹೋಗಿಬಂದವರನ್ನು ಬಿಡುವುದಿಲ್ಲ, ಎಣ್ಣೆ ಒಗ್ಗರಣೆ ವಾಸನೆ ಹೊತ್ತು ಬಂದವರನ್ನು ಬಿಡುವುದಿಲ್ಲ, ನೆಂಟರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೇವೆ. ನೀನು ಪಾಪ ಬಸ್ಸಿಳಿದವನು ಸ್ನಾನ ಮಾಡಿ, ಬೇರೆ ಪಂಚೆ ಉಟ್ಟು, ಅಂಗಳದಲ್ಲೇ ನಿಂತಿದ್ದೆ. ಒಳಗೆ ಕರೆದವನು ಅಪ್ಪನೇ. "ಬಾರಪ್ಪ, ನಾಲ್ಕನೇ ಜ್ವರ ಎದ್ದವ್ರೆ, ಹೆಂಗ್ ಮೇಯ್ತಾವ್ರೆ ನೋಡು ಬಾ" ಎಂದು ಅವನ ಬಾಯಲ್ಲೇ ಬಂದದ್ದು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುವನ್ನು ಮಕ್ಕಳ ಹಾಗೆ ಮಾತಾಡುತ್ತಾನೆ ಎಂದು ನೀನು ನಕ್ಕೆ. ಒಂದು ಹಿಡಿ ಸೊಪ್ಪು ಹಾಕಿದೆ, ಸೊಪ್ಪು ಮೇಯುವ ಸದ್ದು ಕೇಳಿಕೊಂಡು ಸ್ವಲ್ಪ ಹೊತ್ತು ನಿಂತೆ, ಅಷ್ಟೇ ನೀನು ಮಾಡಿದ್ದು. ನೀನು ಹೋದ ಮೂರನೇ ದಿನಕ್ಕೆ ಹುಳು ಮೇವು ಬಿಟ್ಟವು. ತಲೆ ಅಲ್ಲಾಡಿಸುತ್ತಾ ಹಸಿರು ನೀರು ಕಾರಿಕೊಂಡವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾದ ಹುಳುವನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿಗೆ ಹಾಕಿದೆವು. ನಾನು ಅತ್ತೆ ಕಣೋ, ನಾಚಿಕೆ ಬಿಟ್ಟು ಅತ್ತೆ.

ದೊಡ್ಡವೆಂಕಟಮ್ಮತ್ತೆ ಬಂದವಳು ಗುಂಡಿಯ ಪಕ್ಕದಲ್ಲೇ ನಿಂತು ಆ ಮಾತು ತೆಗೆದಳು. "ಅದೇನೋ ರಷ್ಯಾದಾಗೆ ಸಿಡೀತಂತಲ್ಲ, ಅಂಥದ್ರಾಗೇ ಅಲ್ವಾ ಕಣೇ ನಮ್ಮ ಕದಿರೇಶ ಕೆಲಸ ಮಾಡೋದು?" ಎಂದಳು. ಅಪ್ಪನ ತಂಗಿ ಅವಳು, ನಿನ್ನನ್ನು ಎತ್ತಿ ಆಡಿಸಿದವಳು, ಕೆಟ್ಟದ್ದು ಬಯಸಿ ಅಂದಿದ್ದಲ್ಲ. ಆದರೆ ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಮಾತಾಯಿತು. ಚನ್ನರಾಯಪ್ಪನ ಮಗ ಅಣು ಮೈಗೆ ಹಚ್ಚಿಕೊಂಡು ಬಂದ, ಹುಳುಮನೆಗೆ ಕಾಲಿಟ್ಟ, ಹುಳುವೆಲ್ಲ ಹೋಯಿತು. ಈಗ ಹುಳು ಸಾಕುವ ಯಾವ ಮನೆಯ ಹೊಸಿಲನ್ನೂ ನಾನು ತುಳಿಯುವ ಹಾಗಿಲ್ಲ. ನಿನ್ನ ಬಟ್ಟೆ ಒಗೆದವಳಲ್ಲವೇ ನಾನು. ಮೊನ್ನೆ ಮುನಿಯಲ್ಲಮ್ಮನ ಮನೆಗೆ ಹೆಪ್ಪು ಕೇಳಲು ಹೋದರೆ ಅಲ್ಲೇ ನಿಲ್ಲು ಅಂದು, ಲೋಟವನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಳು. ಹೆಪ್ಪು ತಂದು ದನದ ಕಲಗಚ್ಚಿಗೆ ಸುರಿದೆ.

ಎಲ್ಲಪ್ಪನದು ಇನ್ನೊಂದು. ನಮ್ಮ ಬೋರಿನ ನೀರು ಕಟ್ಟಿಕೊಂಡೇ ಅವನು ಪಕ್ಕದ ಹೊಲದಲ್ಲಿ ಟೊಮೇಟೊ ಬೆಳೆಯುವುದು. ಅವನು ಬಂದು ನಿನ್ನ ಭಾವನನ್ನು, "ಏನ್ಲಾ ಮುನಿಕೃಷ್ಣ, ನಿಮ್ಮ ಪಂಪ್‌ಸೆಟ್ಟಿಗೆ ಬರೋ ಕರೆಂಟು ನಿನ್ನ ಬಾಮೈದನ ಕಡೇದೇನ್ಲಾ? ಹಂಗಿದ್ರೆ ನಂಗೆ ಆ ನೀರು ಬ್ಯಾಡ" ಎಂದು ಕೇಳಿದ. ನಿನ್ನ ಭಾವ ಕಂಬ ತೋರಿಸಿದ. ಕಂಬದಲ್ಲಿ ಯಾವ ಕರೆಂಟೂ ಇರಲಿಲ್ಲ, ಬೆಳಗಿನಿಂದ ಹೋಗಿತ್ತು. ಎರಡು ದಿನ ನೀರು ಬೇಡ ಎಂದು ಬಿಂಕ ಮಾಡಿದ. ಗಿಡ ಬಾಡಿದ ಮೇಲೆ ತಾನಾಗೇ ಬಂದು ಕಾಲುವೆ ತಿರುಗಿಸಿಕೊಂಡ.

ನಾನೂ ಸುಮ್ಮನಿರಲಿಲ್ಲ ನೋಡು. ನೀನು ಹೋದ ವರ್ಷ ಹಬ್ಬಕ್ಕೆ ಬಂದಾಗ ಸ್ನಾನದ ಹಂಡೆಯ ಮುಂದೆ ಕೂರಿಸಿಕೊಂಡು ನನಗೆ ಹೇಳಿಕೊಟ್ಟಿದ್ದೆಯಲ್ಲ, ಅದನ್ನೆಲ್ಲ ಅತ್ತೆಗೆ ಒಪ್ಪಿಸಿದೆ. ನಮ್ಮ ಸ್ಥಾವರವೂ ಇಷ್ಟೇ ಅಕ್ಕಾ, ಒಲೆ ಬೇರೆ, ನೀರು ಕಾಯುವುದು ಅದೇ ಎಂದಿದ್ದೆ. ಬಳಪದ ತುಂಡಿನಷ್ಟಿರುವ ಯುರೇನಿಯಂ ಬಿಲ್ಲೆಗಳನ್ನು ಕೊಳವೆಯಲ್ಲಿ ತುಂಬಿ ಇಡುತ್ತಾರೆ, ಅದರೊಳಗಿನ ಕಣ್ಣಿಗೆ ಕಾಣದ ಅಣು ಒಂದು ಒಡೆದರೆ ಕಾವು ಬರುತ್ತೆ, ಜೊತೆಗೆ ಎರಡು ಮೂರು ಕಿಡಿ ಹಾರಿ ಪಕ್ಕದ ಅಣುಗಳನ್ನೂ ಒಡೆಯುತ್ತವೆ. ಕಿಡಿ ತೀರಾ ಜೋರಾಗಿ ಹಾರಿದರೆ ತಾಕದೆ ಹೋಗುತ್ತೆ, ಅದಕ್ಕೇ ಸುತ್ತ ಭಾರಜಲ ತುಂಬಿ ಅದರ ಓಟ ತಗ್ಗಿಸುತ್ತಾರೆ. ನಿಲ್ಲಿಸಬೇಕು ಅನ್ನಿಸಿದರೆ ಆ ಭಾರಜಲವನ್ನೇ ಕೆಳಗಿನ ತೊಟ್ಟಿಗೆ ಬಿಟ್ಟುಬಿಡುತ್ತಾರೆ, ಕಿಡಿಯ ಆಟ ಅಲ್ಲಿಗೆ ಮುಗಿಯಿತು. ಒಳಗಿನ ಕಾವನ್ನು ಕೊಳವೆಯಲ್ಲಿ ಹೊತ್ತು ತರುವ ನೀರೇ ಬೇರೆ, ಆವಿಯಾಗಿ ಚಕ್ರ ತಿರುಗಿಸುವ ನೀರೇ ಬೇರೆ, ಒಂದನ್ನೊಂದು ಮುಟ್ಟುವ ಹಾಗಿಲ್ಲ. ಕದಿರೇಶ ಇರುವುದು ಆ ಚಕ್ರದ ಹತ್ತಿರ, ಒಲೆಯ ಹತ್ತಿರ ಅಲ್ಲ. ಹೊರಗೆ ಬರುವಾಗ ಕೈಕಾಲು ತೊಳೆದು ಯಂತ್ರದ ಮುಂದೆ ನಿಲ್ಲಬೇಕು, ಮೈಮೇಲೆ ಚೂರು ಇದ್ದರೂ ಅದು ಕೂಗಿಕೊಳ್ಳುತ್ತೆ, ನಮ್ಮ ಹುಳುಮನೆಗಿಂತ ಹೆಚ್ಚು ಮಡಿ ಅಲ್ಲಿ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಹೆಮ್ಮೆಯಾಯಿತು. ಅತ್ತೆ ಎಲೆಯಡಿಕೆ ಹಾಕಿಕೊಂಡು ಪೂರಾ ಕೇಳಿದಳು. ಕೊನೆಗೆ, "ಸೌದೆ ಇಲ್ದೆ ನೀರು ಕಾಯ್ತದಂತಾ! ಎವರಿಕಿ ಚೆಪ್ತಾವೇ ಈ ಕಥ?" ಎಂದು ತೆಲುಗಿನಲ್ಲೇ ಮಂಗಳ ಹಾಡಿದಳು, ಈ ಕಥೆ ಬೇರೆ ಯಾರಿಗಾದರೂ ಹೇಳು ಹೋಗು ಎನ್ನುವ ಹಾಗೆ.

ಒಂದು ಮಾತು ಕೇಳಲಾ? ದೇಶಕ್ಕೆಲ್ಲ ಬೇಕಾದ ಕರೆಂಟಿನಲ್ಲಿ ಅಣುವಿನದು ನೂರಕ್ಕೆ ಎರಡೋ ಮೂರೋ ಪಾಲು ಅಷ್ಟೇ ಎಂದು ನೀನೇ ಹೇಳಿದ್ದೆ. ಅಷ್ಟಕ್ಕೋಸ್ಕರ ಇಷ್ಟು ದೂರ ಹೋಗಿ ಕೂತಿದ್ದೀಯಾ ಎಂದು ಆವತ್ತು ರೇಗಿಸಿದ್ದೆ. ನೀನು ಮಾತ್ರ ನಗಲಿಲ್ಲ. ಶರಾವತಿ ಕಡೆ ಮಳೆ ಕೈಕೊಟ್ಟರೆ ನಮ್ಮ ಹೊಲದ ಮೋಟಾರು ನಿಲ್ಲುತ್ತೆ, ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ಬಂಡಿಬಂಡಿ ಕಲ್ಲಿದ್ದಲು ಮಾಡುವ ಕೆಲಸವನ್ನು ಒಂದು ಬುಟ್ಟಿ ಯುರೇನಿಯಂ ಮಾಡುತ್ತೆ, ಇವತ್ತು ಎರಡು ಪಾಲು, ಮುಂದಕ್ಕೆ ಹೆಚ್ಚಾಗುತ್ತೆ ಅಕ್ಕಾ ಎಂದಿದ್ದೆ. ಅಪಾಯ ಇಲ್ಲವೇ ಇಲ್ಲ ಎಂದು ನೀನು ಯಾವತ್ತೂ ಹೇಳಲಿಲ್ಲ. ಅಪಾಯ ಇದೆ ಅಂತಲೇ ಅಷ್ಟು ಕಾವಲು ಎಂದೆ. ಆ ಮಾತಿಗೇ ನನಗೆ ನಿನ್ನ ಮೇಲೆ ನಂಬಿಕೆ. ಇಲ್ಲಿ ಕರೆಂಟಿನ ಕಥೆ ಹಾಗೇ ಇದೆ. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ, ದೇವರಿಗೇ ಗೊತ್ತು. ಬಂದಾಗ ನಿನ್ನ ಭಾವ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡುತ್ತಾನೆ.

ಅಪ್ಪ ರೇಡಿಯೋ ಬಿಟ್ಟು ಏಳುವುದಿಲ್ಲ. ರಷ್ಯಾದ ಸುದ್ದಿ ಬಂದಾಗಿನಿಂದ ಹೀಗೆ. ವಾರ್ತೆಯ ಹೊತ್ತಿಗೆ ಯಾರೂ ಕೆಮ್ಮುವ ಹಾಗೂ ಇಲ್ಲ. ಅಲ್ಲಿ ಬೆಂಕಿ ಆರಿಸಲು ಹೋದವರ ವಿಷಯ ಬಂದರೆ ರೇಡಿಯೋ ಆರಿಸಿ ಹೊರಗೆ ಹೋಗಿ ನಿಲ್ಲುತ್ತಾನೆ. ಅಮ್ಮ ಇದ್ದಿದ್ದರೆ ಅವಳ ಹತ್ತಿರ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದನೋ ಏನೋ. ನನ್ನ ಹತ್ತಿರ ಮಂಡಿನೋವಿನ ವಿಷಯ ಒಂದೇ.

ಕೆಲಸ ಬಿಡುವ ವಿಷಯ ನಾನೇನು ಹೇಳಲಿ ಕದಿರೇಶ. ಎಲ್ಲರ ಹಾಗೆ ಬಿಡಬೇಡ ಎಂದು ಹೇಳುವುದಕ್ಕೆ ಬಾಯಿ ಬರುತ್ತಿಲ್ಲ. ನೀನು ಬಂದರೆ ಸೊಪ್ಪು ಕೊಯ್ಯಲು ಇನ್ನೊಂದು ಜೊತೆ ಕೈ ಆಗುತ್ತೆ. ಮಾತಾಡಲು ಒಬ್ಬ ಮನುಷ್ಯ ಸಿಗುತ್ತಾನೆ. ಅಮ್ಮ ಹೋದ ಮೇಲೆ ಮನೆ ನೀನೇ ನೋಡಿಕೊಳ್ಳಮ್ಮ ಎಂದು ಅಪ್ಪ ಅಂದ, ನಿನ್ನ ಭಾವ ತನ್ನ ಊರು ಬಿಟ್ಟು ಇಲ್ಲಿಗೇ ಬಂದು ನಿಂತ, ಅವತ್ತಿನಿಂದ ನಾನು ಬೆನ್ನು ನೆಟ್ಟಗೆ ಮಾಡಿಲ್ಲ. ಬಂದರೆ ಬೇಡ ಅನ್ನುವುದಿಲ್ಲ. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದ್ದೇನೆ. ಸರಿಯಾಗಿದೆ ಎಂದ. ನಿನ್ನ ಭಾವ ನಿನ್ನನ್ನು ಕೇಳಿದ್ದಾನೆ. ಅತ್ತೆ ತನ್ನ ಆಶೀರ್ವಾದವನ್ನೂ ಬರಿ ಎಂದಳು, ದೂರದಿಂದಲೇ. ಕುರುಡುಮಲೆ ಗಣಪ ನಿನ್ನ ಬೆನ್ನ ಹಿಂದೆ ಇರಲಿ. ಹೊಟ್ಟೆ ತುಂಬ ಉಣ್ಣು, ತಲೆಗೆ ಎಣ್ಣೆ ಹಾಕು.

ಇಂತಿ ನಿನ್ನ ಅಕ್ಕ,
ಶ್ಯಾಮಲಮ್ಮ

ವಿ.ಸೂ.: ಸೋಮವಾರ, ಮುಳಬಾಗಿಲು ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ನಿನ್ನ ಭಾವ ಬಸ್ಸು ಹಿಡಿದು ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ, ಅಕ್ಷರ ಹೇಗಿದ್ದರೂ ಓದಿಕೋ. ಹುಳು ಸತ್ತದ್ದು ನಿನ್ನಿಂದ ಅಲ್ಲ. ಹುಳುವನ್ನು ಗುಂಡಿಗೆ ಹಾಕಿದ ಮಾರನೇ ದಿನವೇ ರೇಷ್ಮೆ ಇಲಾಖೆಯ ಶ್ರೀನಿವಾಸಪ್ಪನವರು ಬಂದು ನೋಡಿದರು, ತೋಟಕ್ಕೂ ಹೋದರು. ಎಲ್ಲಪ್ಪ ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬಿದ್ದಿದೆ, ಅದನ್ನೇ ಕೊಯ್ದು ಹಾಕಿದ್ದೀರಿ, ಬೇರೆ ಯಾವ ಕಾಯಿಲೆಯೂ ಅಲ್ಲ ಎಂದರು. ಅಪ್ಪನೂ ನಾನೂ ಅಲ್ಲೇ ಇದ್ದೆವು. ಹುಳು ನಿನ್ನಿಂದಲೇ ಸತ್ತವು ಎನ್ನುವ ಹಾಗೆ ಅಪ್ಪ ನಿನಗೆ ಕಾರ್ಡು ಬರೆಸಿದ್ದು ಅದಾದ ಮೇಲೆ. ಯಾಕೆ ಹಾಗೆ ಮಾಡಿದೆ ಎಂದು ಗುರುವಾರ ಜಗಳ ಆಡಿದೆ. "ಕೆಲ್ಸ ಬಿಡು ಅಂದ್ರೆ ಬಿಡಲ್ಲಮ್ಮ ಅವ್ನು. ತಪ್ಪು ತನ್ದೇ ಅಂದ್ಕೊಂಡ್ರೆ ಬತ್ತಾನೆ. ಊರು ಏನಾನಾ ಅಂದ್ಕೊಳ್ಳಿ, ನನ್ ಮಗ ಬದುಕಿದ್ರೆ ಸಾಕು" ಎಂದು ಅತ್ತುಬಿಟ್ಟ. ಅಮ್ಮ ಸತ್ತಾಗಲೂ ಅಪ್ಪ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನನ್ನು ಬೈಯಬೇಡ. ಅಪ್ಪ ಬಾಯಿ ಮುಚ್ಚಿಸಿದ ಅಂತ ನಿನ್ನೆ ಈ ವಿಷಯ ಬರೆಯದೆ ಬಿಟ್ಟೆ ಎಂದುಕೊಳ್ಳಬೇಡ. ಅವನು ಮುಚ್ಚಿಸಲಿಲ್ಲ. ನೀನು ಬಂದುಬಿಡಲಿ ಎಂದು ನನಗೂ ಆಸೆಯಾಗಿತ್ತು. ರಾಜೀನಾಮೆ ಕೊಡಬೇಡ. ಬರಬೇಡ ಕಣೋ.