ಕೆಂಪು ಕಲ್ಲಿನ ನಾಡಿಗೆ ಹೋದ ಕುಕ್ಕರ್

ಎಟೋಬಿಕೋಕ್
14 ಸೆಪ್ಟೆಂಬರ್ 2013, ಶನಿವಾರ

ಮನೆಯವರಿಗೆ, ನೀಲವ್ವ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಸಾಲುಗಳು ಮೇಲಕ್ಕೆ ಹತ್ತಿವೆ, ಒತ್ತಕ್ಷರ ಎಲ್ಲೆಲ್ಲಿ ಬಿಟ್ಟಿದ್ದೇನೋ ನನಗೇ ತಿಳಿಯದು. ಐದನೇ ಇಯತ್ತೆ ಮುಗಿಸಿ ಮಗ್ಗದ ಮುಂದೆ ಕೂತವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ, ಆದರೆ ಅರ್ಧಕ್ಕೆ ಮಡಚಿ ಇಡಬೇಡಿರಿ.

ಈ ಪರದೇಶದಲ್ಲಿ ಒಂದೇ ಬೇಸ್‌ಮೆಂಟ್ ಮನೆಯಲ್ಲಿದ್ದುಕೊಂಡು ಕಾಗದವೇಕೆ ಎಂದು ನಿಮಗೆ ನಗು ಬರಬಹುದು. ನೀವು ಬ್ರೆಡ್ ಕಾರ್ಖಾನೆಯ ರಾತ್ರಿ ಶಿಫ್ಟು ಮುಗಿಸಿ ಬರುವಷ್ಟರಲ್ಲಿ ನಾನು ಚಪಾತಿ ಲಟ್ಟಿಸುವ ಕೆಲಸಕ್ಕೆ ಹೋಗಿರುತ್ತೇನೆ. ಶನಿವಾರ ನನಗೆ ಮಧ್ಯಾಹ್ನದ ಕೆಲಸವಾದರೂ ನೀವು ಕಾರ್ಖಾನೆಯಿಂದ ಹಾಗೆಯೇ ಕಾರಿನಲ್ಲಿ ಅಂಗಡಿಯ ಸಾಮಾನು ಇಳಿಸಲು ಹೋಗುತ್ತೀರಿ. ಭಾನುವಾರ ಒಂದು ದಿನ ಸಿಗುತ್ತೀರಿ, ಅಂದು ಅರೋರಾಕ್ಕೆ, ಡಾಕ್ಟರ ಮನೆಗೆ. ನೀವು ಹುಲ್ಲು ಕತ್ತರಿಸುತ್ತೀರಿ, ನಾನು ಅಡುಗೆ ಮಾಡುತ್ತೇನೆ. ಇನ್ನು ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದೂ ನಿಮಗೆ ಗೊತ್ತು.

ಹೋದ ಭಾನುವಾರ ಊಟಕ್ಕೆ ಕೂತಾಗ ಜಯಪ್ರಕಾಶ ಡಾಕ್ಟರು ಅಕ್ಟೋಬರಿನಲ್ಲಿ ಮತ್ತೆ ಆರ್‌ವಿ, ಅದೇ ಆ ಒಲೆ-ಹಾಸಿಗೆ ಇರುವ ಗಾಡಿ, ತೆಗೆಯೋಣ, ಯೂಟಾದ ಕೆಂಪು ಕಲ್ಲು ಈ ಸಲ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದರು. ನಿಮ್ಮ ಬಾಯಲ್ಲಿ ತುತ್ತು ಇತ್ತು. ಅದನ್ನು ನುಂಗುವ ಮೊದಲೇ “ಆತ್ರಿ ಸಾರ್, ಇಬ್ರೂ ಬರ್ತೀವಿ” ಎಂದಿರಿ. ನಾನು ಸಿಂಕಿನ ಹತ್ತಿರ ಬೆನ್ನು ಮಾಡಿ ನಿಂತಿದ್ದೆ. ಒಮ್ಮೆ ತಿರುಗಿ ನನ್ನ ಬೆನ್ನನ್ನಾದರೂ ನೋಡಿದಿರೇನು? ಅಂದಿನಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಕಾರ್ಖಾನೆಯ ಕೆಲಸಕ್ಕೆ ಡಾಕ್ಟರು ನಿಮ್ಮ ಪರವಾಗಿ ಮಾತಾಡಿದರು, ಮೊದಲ ಚಳಿಗೆ ಕೋಟು ಕೊಟ್ಟವರೂ ಅವರೇ. ಅದನ್ನು ನಾನು ಮರೆತಿಲ್ಲ. ಆದರೆ ನೀವು ಕೊಡುವ ಮಾತಿನಲ್ಲಿ ಅರ್ಧ ನನ್ನದಿರುತ್ತದೆ. ಅದನ್ನೂ ನೀವೇ ಕೊಟ್ಟುಬಿಡುತ್ತೀರಿ.

ಮೇ ತಿಂಗಳಿನಲ್ಲಿ ಹೊರಡುವಾಗ ಹೇಳಿದ್ದೇನು? ಮದುವೆಯಾದ ಮೇಲೆ ನಾವಿಬ್ಬರೂ ಎಲ್ಲಿಗೂ ಹೋಗಿಲ್ಲ, ಇದು ನಮ್ಮ ಪ್ರವಾಸ ಎಂದಿರಿ. ಗಡಿ ದಾಟಲು ವೀಸಾ ಕೇಳಲು ಹೋದಾಗ ಕಿಟಕಿಯ ಆಚೆಗಿದ್ದ ಹೆಂಗಸು ಏತಕ್ಕೆ ಹೋಗುತ್ತೀ ಎಂದು ನನ್ನನ್ನೇ ಕೇಳಿದಳು. ನೀವು ಬಾಯಿಪಾಠ ಮಾಡಿಸಿದ್ದಂತೆ “ಟು ಸೀ ರೆಡ್ ರಾಕ್” ಎಂದೆ. ಅವಳು ನಕ್ಕು ಠಸ್ಸೆ ಒತ್ತಿದಳು. ಆ ಮಾತು ಸುಳ್ಳಾಯಿತಲ್ಲ ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ನೀವು ಗಾಡಿ ಓಡಿಸುತ್ತಿದ್ದಿರಿ, ಪಕ್ಕದಲ್ಲಿ ಡಾಕ್ಟರು, ಅವರ ಹಿಂದೆ ಅವರ ಹೆಂಡತಿ ಅರುಂಧತಿ ಅಮ್ಮ. ನನ್ನ ಸೀಟು ಒಲೆಯ ಹತ್ತಿರ, ರಸ್ತೆಗೆ ಅಡ್ಡವಾಗಿ. ಮುಂದೆ ಕೂತವರು “ಅಲ್ನೋಡಿ, ಅಲ್ನೋಡಿ” ಎನ್ನುವರು. ನಾನು ಕುತ್ತಿಗೆ ತಿರುಗಿಸುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು. ಸಿಂಕಿನ ಮೇಲಿನ ಕಿಟಕಿ ರೊಟ್ಟಿ ಹಂಚಿನಷ್ಟು. ಗಾಡಿ ನಿಲ್ಲಿಸಿದಲ್ಲೆಲ್ಲ ಜಲ್ಲಿ ಹಾಸಿದ್ದರು, ಮತ್ತು ನಿಲ್ಲಿಸಿದ ಕೂಡಲೇ ಎಲ್ಲರಿಗೂ ಕಾಫಿ ಬೇಕಾಗುತ್ತಿತ್ತು. ಮರಳುಗಾಡಿನಲ್ಲಿ ನಲ್ಲಿ ಇಲ್ಲ, ಟ್ಯಾಂಕಿನ ನೀರು ತೀರಿದರೆ ಕಷ್ಟ ಎಂದು ತಾಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆ ಅಲಾರಾಂ ಚೀರುತ್ತಿತ್ತು. ನೀವು ಓಡಿ ಬಂದು ಟವೆಲ್ ಬೀಸುತ್ತಿದ್ದಿರಿ, ಇಬ್ಬರೂ ಕೆಮ್ಮುತ್ತ ನಗುತ್ತಿದ್ದೆವು. ಇಡೀ ಪ್ರವಾಸದಲ್ಲಿ ನಾವಿಬ್ಬರೂ ಕೂಡಿದ್ದು ಅಷ್ಟೇ.

ಆದರೂ ಸುಮ್ಮನಿದ್ದೆ. ದೊಡ್ಡ ಕಲ್ಲಿನ ಕಮಾನು ಬಂದ ದಿನ ನಿನಗೆ ಕೆಲಸ ಹಚ್ಚುವುದಿಲ್ಲ, ಹೊತ್ತು ಮುಳುಗುವುದನ್ನು ಇಬ್ಬರೂ ನೋಡೋಣ ಎಂದು ನೀವು ಮಾತು ಕೊಟ್ಟಿದ್ದಿರಿ. ಅಂದು ಸಂಜೆ ತಲೆ ಬಾಚಿಕೊಂಡೆ, ಅವ್ವ ಕೊಟ್ಟ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟೆ. ಅಷ್ಟರಲ್ಲಿ ಅರುಂಧತಿ ಅಮ್ಮ ಬಂದವರು ಬೇಳೆ ಕುಕ್ಕರಿಗೆ ಇಟ್ಟು ಬಂದುಬಿಡು, ಬಂದ ಕೂಡಲೇ ಊಟ ಆಗುತ್ತೆ ಎಂದರು. ಇಟ್ಟೆ. ಗ್ಯಾಸು ತೀರುತ್ತ ಬಂದಿತ್ತು, ಉರಿ ಏಳಲಿಲ್ಲ, ಸೀಟಿ ಬರಲಿಲ್ಲ. ಒಲೆ ಹಚ್ಚಿಟ್ಟು ಯಾರೂ ಗಾಡಿ ಬಿಡಬಾರದು ಎಂಬುದು ಡಾಕ್ಟರ ಕಟ್ಟಪ್ಪಣೆ. ಆರಿಸಿ ಬರುತ್ತೇನೆ, ಬೇಳೆ ಆಮೇಲೆ ಬೇಯಲಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಮಗೆ ಬಾಯಿ ಇತ್ತು. ನೀವು ಎರಡೂ ಕೈಯಲ್ಲಿ ಮಡಚುವ ಕುರ್ಚಿಗಳನ್ನು ಹಿಡಿದಿದ್ದಿರಿ. ಡಾಕ್ಟರು “ಪಾಪ, ಅವಳಿಗೆ ವೇಟ್ ಮಾಡೋಣ್ವಾ?” ಎಂದು ನಿಮ್ಮನ್ನೇ ಕೇಳಿದರು.

“ಬ್ಯಾಡ್ ಬಿಡ್ರಿ ಸಾರ್, ಅಕಿ ಗುಡ್ಡದ ಊರಾಕಿ. ಇಂಥಾ ಕಲ್ಲು ಬೇಕಾದಷ್ಟು ನೋಡ್ಯಾಳ.”

ಈ ಮಾತು ಬಾಗಿಲೊಳಗಿದ್ದ ನನಗೆ ಕೇಳಿಸಿತು.

ನೋಡಿದ್ದೇನೆ. ನಮ್ಮ ಹಿತ್ತಲಿಗೇ ಕೆಂಪು ಗುಡ್ಡ. ಅದರ ಬಂಡೆಯ ಮೇಲೆ ನೂಲು ಒಣಹಾಕಿ ಬೆಳೆದವಳು. ಅದಕ್ಕೇ ನೋಡಬೇಕಿತ್ತು. ಇಲ್ಲಿ ಅರ್ಧ ವರ್ಷ ಬಿಳಿ, ಉಳಿದರ್ಧ ಹಸಿರು. ಇಷ್ಟು ದೂರದಲ್ಲಿ ನಮ್ಮೂರಿನ ಬಣ್ಣದ ನೆಲ ಇದೆ ಎಂದರೆ ಅದರ ಮೇಲೆ ಒಮ್ಮೆ ಬರಿಗಾಲಲ್ಲಿ ನಿಲ್ಲಬೇಕೆನಿಸಿತ್ತು, ನಿಮ್ಮ ಪಕ್ಕದಲ್ಲಿ. ಬಿಸಿಲು ಹೋದ ಮೇಲೆ ಕಾಲಿಗೆ ಕಲ್ಲು ಬೆಚ್ಚಗಿರುತ್ತದೆ. ನಿಮ್ಮದು ಎರೆಮಣ್ಣಿನ ಊರು, ನಿಮಗೆ ತೋರಿಸೋಣ ಎಂದುಕೊಂಡಿದ್ದೆ.

ನೀವೆಲ್ಲ ಬಂದಾಗ ಹೊರಗೆ ಕಪ್ಪಾಗಿತ್ತು. ಫೋನಿನಲ್ಲಿ ಫೋಟೋ ತೋರಿಸಿ ಥೇಟು ಹೀಂಗs ಇತ್ತು ನೋಡು ಎಂದಿರಿ. ನಾನು ಛಲೋ ಅದ ಎಂದೆ. ಬೇಳೆ ಇನ್ನೂ ಗಟ್ಟಿಯಾಗಿದೆ ಎಂದು ಡಾಕ್ಟರು ತಮಾಷೆ ಮಾಡಿದರು, ನೀವೂ ನಕ್ಕಿರಿ. ಮರುದಿನ ಬೆಳಗಾಗುತ್ತಲೇ ಅಲ್ಲಿಂದ ಹೊರಟೆವು. ಅವ್ವ ಫೋನಿನಲ್ಲಿ ನಮ್ಮ ಕಲ್ಲಿನಂಗs ಅದಾವೇನು ಎಂದು ಕೇಳಿದಾಗ ಹೌದವ್ವಾ ಎಂದೆ. ನೋಡಲಿಲ್ಲ ಎಂದಿದ್ದರೆ ನಿಮ್ಮ ಮೇಲೆ ಮಾತು ಬರುತ್ತಿತ್ತು.

ಇಷ್ಟೆಲ್ಲ ಆಗಿ ತವರಿನಿಂದ ತಂದ ನನ್ನ ಕುಕ್ಕರೂ ಆ ಗಾಡಿಯಲ್ಲೇ ಉಳಿಯಿತು. ಮುಂದಿನ ಸಲಕ್ಕೆ ಇರಲಿ ಎಂದು ಅರುಂಧತಿ ಅಮ್ಮ ಅಂದರು, ನೀವು ಆತ್ರಿ ಎಂದಿರಿ. ಪ್ರತಿ ಭಾನುವಾರ ನೆನಪು ಮಾಡುತ್ತೇನೆ, ಪ್ರತಿ ಭಾನುವಾರ ಮುಂದಿನ ವಾರ ಎನ್ನುತ್ತೀರಿ. ಬೇಸಿಗೆಯೆಲ್ಲ ಬೋಗುಣಿಯಲ್ಲಿ ಬೇಳೆ ಕುದಿಸಿದ್ದೇನೆ. ಬೇಯುವುದರೊಳಗೆ ಕೆಲಸಕ್ಕೆ ಹೊತ್ತಾಗುತ್ತದೆ. ಸಾರು ನೀರಾಗಿದೆ ಎಂದು ನೀವು ಚೀಟಿ ಬರೆದಿಟ್ಟು ಮಲಗುತ್ತೀರಿ.

ಇವತ್ತು ಬೆಳಿಗ್ಗೆ ನಾನೊಬ್ಬಳೇ ಸಬ್‌ವೇ ರೈಲು ಹಿಡಿದು ಫಿಂಚ್ ನಿಲ್ದಾಣಕ್ಕೆ ಹೋದೆ. ಅಲ್ಲಿಂದ ಯಂಗ್ ಸ್ಟ್ರೀಟಿನ ಬಸ್ಸು. ಎರಡು ಸಲ ಡ್ರೈವರನಿಗೆ “ಅರೋರಾ?” ಎಂದು ಕೇಳಿದೆ. ಮನೆ ಹುಡುಕಿ ಬೆಲ್ ಒತ್ತಿದೆ. ಅರುಂಧತಿ ಅಮ್ಮ ಬಾಗಿಲು ತೆರೆದು ನಿಮಗೇನಾದರೂ ಆಯಿತೇ ಎಂದು ಗಾಬರಿಯಾದರು. ಕುಕ್ಕರ್ ಬೇಕು ಎಂದೆ. ಅಕ್ಟೋಬರಿಗೆ ಬೇಕಲ್ಲ, ಅಲ್ಲೇ ಇರಲಿ ಬಿಡು ಎಂದರು. ಅಕ್ಟೋಬರಿಗೆ ನಾನು ಬರುವುದಿಲ್ಲ, ಇವರ ಮಾತನ್ನು ಇವರಿಗೇ ಕೇಳಿರಿ ಎಂದೆ. ಹೇಳಿದ್ದು ನಾನೇ ಹೌದೋ ಅಲ್ಲವೋ ಎನಿಸಿತು.

“ಯಾಕಮ್ಮ, ನಿಂಗೆ ಆ ಜಾಗ ಇಷ್ಟ ಆಗ್ಲಿಲ್ವಾ?” ಎಂದರು.

“ನಾ ನೋಡಿದ್ದರs ಎಲ್ಲೈತ್ರಿ ಅಮ್ಮಾರ?”

ಅವರು ಒಳಗೆ ಹೋದರು. ಆಮೇಲೆ ಕೀಲಿ ತಂದು ಆರ್‌ವಿ ತೆರೆದರು. ಮುಚ್ಚಳ ಒಂದು ಕಪಾಟಿನಲ್ಲಿತ್ತು, ಸೀಟಿ ಇನ್ನೊಂದರಲ್ಲಿ. ಎರಡನ್ನೂ ಅವರೇ ಹುಡುಕಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಬಂದವಳೇ ತೊಳೆದು ಬೇಳೆ ಇಟ್ಟೆ. ಮೂರನೇ ಸೀಟಿಗೆ ಇಳಿಸಿದ್ದೇನೆ, ಸಾರು ಗಟ್ಟಿಯಾಗಿದೆ.

ನಿಮ್ಮ
ನೀಲವ್ವ

ತಾ.ಕ.: ಅರುಂಧತಿ ಅಮ್ಮ ಬಸ್ ಸ್ಟಾಪಿನವರೆಗೆ ಬಂದು ಒಂದು ವಿಷಯ ಹೇಳಿದರು. ಇಲ್ಲೇ ಕ್ಯಾಲೆಡಾನ್ ಹತ್ತಿರ ರಸ್ತೆಯ ಪಕ್ಕಕ್ಕೇ ಕೆಂಪು ದಿಬ್ಬಗಳಿವೆಯಂತೆ, ಹುಲ್ಲೂ ಇಲ್ಲದ ಬರೀ ಕೆಂಪು. ನಾಳೆ ಅವರ ಮನೆಗೆ ಬರುವುದು ಬೇಡ ಎಂದಿದ್ದಾರೆ. ಅಲ್ಲಿಗೆ ಬಸ್ಸಿಲ್ಲ, ನಮ್ಮ ಕಾರನ್ನು ನೀವೇ ಓಡಿಸಬೇಕು. ಬುತ್ತಿ ಇವತ್ತೇ ಕಟ್ಟಿಡುತ್ತೇನೆ. ಮುಂದಿನ ಸೀಟು ನನ್ನದು.