ಫೋನಿಲ್ಲದ ನಲವತ್ತೊಂದು ಸಾಲುಗಳು

ಕಣ್ಣಾಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಹೇಳದೆ ಬಿಡೋಣವೆಂದುಕೊಂಡಿದ್ದ ಮಾತನ್ನೇ ಮೊದಲು ಹೇಳುತ್ತೇನೆ: ನಿಮ್ಮ ಶಸ್ತ್ರಚಿಕಿತ್ಸೆಯ ಸರದಿ ಪಟ್ಟಿಯನ್ನು ಕೆಡಿಸಿದ ಕಂಪ್ಯೂಟರ್ ಸ್ಕ್ರಿಪ್ಟ್ ನನ್ನದು. ಕೆಟ್ಟಿದೆಯೆಂದು ತಿಳಿದ ಮೇಲೂ ಅದಕ್ಕೆ ಸಹಿ ಹಾಕುತ್ತಿರುವ ಕೈ ನಿಮ್ಮದು.

ಪಟ್ಟಿಯೆಂದರೆ ಬರೀ ಅಕ್ಷರಗಳ ಒಂದು ಕಡತ. ರೋಗಿಗೊಂದು ಸಾಲು, ಹೆಸರು, ಫೋನ್, ಯಾವ ಕಣ್ಣು, ನೋಂದಣಿ ದಿನಾಂಕ, ನಡುವೆ ಒಂದೊಂದು ಲಂಬ ಗೆರೆ. ಮೂವರು ಟೈಪ್ ಮಾಡಿದ್ದರಿಂದ ಗೆರೆಗಳು ಅಂಕುಡೊಂಕಾಗಿದ್ದವು, ಕೆಲವೆಡೆ ಎರಡೆರಡು ಬಿದ್ದಿದ್ದವು. ಅವನ್ನು ನೆಟ್ಟಗೆ ನಿಲ್ಲಿಸಿ, ದಿನಾಂಕದಂತೆ ಜೋಡಿಸಲು ಟೈಪ್ ಮಾಡುವ ಎಡಿಟರ್‌ನಲ್ಲೇ, ಕಂಪ್ಯೂಟರಿಗೆ ಆಜ್ಞೆ ಕೊಡುವ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಬರೆದೆ. ಎರಡು ಗೆರೆಗಳ ನಡುವೆ ಏನೂ ಇಲ್ಲದಿದ್ದರೆ ಆ ಮನೆಯನ್ನೇ ಅಳಿಸು ಎಂದೂ ಸೇರಿಸಿದೆ. ಫೋನಿಲ್ಲದವರ ಸಾಲಿನಲ್ಲಿ ಫೋನಿನ ಮನೆ ಅಳಿಸಿಹೋಗಿ ಉಳಿದದ್ದೆಲ್ಲ ಎಡಕ್ಕೆ ಸರಿಯಿತು. 'ಬಲಗಣ್ಣು' ಫೋನ್ ನಂಬರಾಯಿತು, ದಿನಾಂಕ ಕಣ್ಣಾಯಿತು. ದಿನಾಂಕವೇ ಇಲ್ಲದಂತಾದ ನಲವತ್ತೊಂದು ಜನ ತಳ ಸೇರಿದರು. ಪಟ್ಟಿ ಮಾತ್ರ ಬಹಳ ಅಂದವಾಗಿತ್ತು, ನೀವೂ ಮೆಚ್ಚಿದಿರಿ. ಖಾಲಿ ಮನೆಯೆಂದರೆ ಟೈಪ್ ಮಾಡಿದವರ ತಪ್ಪೇ ಇರಬೇಕೆಂದು ನನಗೇಕೆ ಅನ್ನಿಸಿತು? ನನ್ನ ಕೈಯಲ್ಲಿ ಫೋನಿತ್ತು, ಅದಕ್ಕೇ ಇರಬೇಕು.

ಏಳು ತಿಂಗಳಿಂದ ಕೌಂಟರಿಗೆ ಬರುತ್ತಿರುವ ಹೊಲಿಗೆಯವರೊಬ್ಬರು ಕಳೆದ ವಾರ ಕೇಳಿದರು: "ನನ್ನ ಹಿಂದೆ ಬಂದೋರೆಲ್ಲ ಕಣ್ಣು ಮಾಡಿಸ್ಕೊಂಡು, ನಾನು ಹೊಲಿದಿದ್ದು ಸೊಟ್ಟಗಿದೆ ಅಂತ ಬೈದೂ ಆಯ್ತು. ನಿಮ್ಮ ಪಟ್ಟಿ ಹಿಂದಕ್ಕೆ ನಡೆಯುತ್ತಾ?"

"ಕಂಪ್ಯೂಟರ್ ಹಾಗೇ ತೋರಿಸ್ತಿದೆ ಅಕ್ಕಾ."

"ಅದಕ್ಕೂ ಪೊರೆ ಬಂದಿರಬೇಕು. ಒಂದ್ಸಲ ತೆಗೆದು ನೋಡಮ್ಮ."

ನೋಡಿದೆ. ತಿದ್ದಲು ಎರಡು ಸಾಲು ಸಾಕು. ಹಳೆಯ ಪ್ರತಿಯೂ ಇದೆ, ಒಂದು ದಿನಾಂಕವೂ ಕಳೆದಿಲ್ಲ. ಪಟ್ಟಿ ಕೆಟ್ಟಿದೆಯೆಂದು ನಿಮಗೆ ಬರೆದೆ. ನಿಮ್ಮ ಉತ್ತರ ಬಂತು: ಅನುಮೋದಿತ ಪಟ್ಟಿಯನ್ನು ಮುಟ್ಟುವಂತಿಲ್ಲ, ಬಾಧಿತರು ಹೊಸದಾಗಿ ನೋಂದಾಯಿಸಿಕೊಳ್ಳಲಿ. ನೋಂದಣಿಗೆ ತಮ್ಮ ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ತೋರಿಸಲಿ. ಇದನ್ನು ಮೂರು ಸಲ ಓದಿದೆ. ಇಷ್ಟು ಪರಿಪೂರ್ಣವಾದ ತಪ್ಪು ನನ್ನ ಸ್ಕ್ರಿಪ್ಟ್‌ನಲ್ಲೂ ಇರಲಿಲ್ಲ.

ಆ ಅಕ್ಕನ ಎಡಗಣ್ಣಿಗೆ ನೋಟವಿಲ್ಲ. ಇನ್ನೂ ತಡವಾದರೆ ಬಲಗಣ್ಣಿನ ಭರವಸೆಯೂ ಇಲ್ಲವೆಂದು ನಿಮ್ಮದೇ ವೈದ್ಯರು ಬರೆದಿದ್ದಾರೆ. ಅದನ್ನು ತುಂಬಲು ನಮ್ಮ ಪಟ್ಟಿಯಲ್ಲಿ ಮನೆಯಿಲ್ಲ.

ನಲವತ್ತೊಂದು ಜನರಿಗೂ ಅವರವರ ಹಳೆಯ ದಿನಾಂಕವನ್ನೇ ಮರಳಿ ಕೊಡಿ. ತಪ್ಪು ನನ್ನದೆಂದು ಬೇಕಾದರೆ ಸೂಚನಾ ಫಲಕಕ್ಕೆ ಅಂಟಿಸಿ. ಒಕ್ಕಣೆಯನ್ನು ನಾನೇ ಟೈಪ್ ಮಾಡಿಕೊಡುತ್ತೇನೆ.

ಇಂತಿ,
ಅಂದಕ್ಕೆ ಮರುಳಾದ, ನಿಮ್ಮದೇ ಕಚೇರಿಯ ಗುತ್ತಿಗೆ ನೌಕರಳು

ಮುಂದಿನ ಪಟ್ಟಿಗೆ ನಿಮ್ಮ ಸಹಿ ಬೀಳುವುದು ಹದಿನೈದಕ್ಕೆ. ನನ್ನ ಗುತ್ತಿಗೆಯ ನವೀಕರಣಕ್ಕೆ ಬೀಳುವುದು ಇಪ್ಪತ್ತಕ್ಕೆ. ಇಪ್ಪತ್ತೊಂದರವರೆಗೆ ಕಾಯೋಣವೆಂದು ಎರಡು ದಿನ ಯೋಚಿಸಿದ್ದೂ ನಿಜ. ಅಂಚೆಗೆ ಹಾಕುವ ದಿನ: ಮಾರ್ಚ್ ಹನ್ನೊಂದು.