ಹೊಲಿಯದೆ ಬಿಟ್ಟ ಮೂಲೆ

ಮಾರ್ಚ್ ೧೨, ಗುರುವಾರ

ಪ್ರೀತಿಯ ತಮ್ಮಾ,

ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಕ್ಕ ಇದ್ದಾಳೋ ಇಲ್ಲವೋ ಎಂದು ನೀನು ಕೇಳುವ ಮೊದಲೇ ತಪ್ಪಾಯಿತು ಎಂದುಬಿಡುತ್ತೇನೆ. ಬರೆಯಲು ಕೂತಾಗಲೆಲ್ಲ ಅಳಿಯನ ಮೇಲೆ ದೂರೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಅಂಗಡಿಯ ಬೀಗದ ಕೈ ಅವನಿಗೆ ಕೊಟ್ಟೆಯಾ ಎಂದು ಕೇಳಿದ್ದೆಯಲ್ಲ, ಕೊಟ್ಟಿರಲಿಲ್ಲ. ಯಾಕೆಂದು ಹೇಳುತ್ತೇನೆ.

ನಿನ್ನ ಭಾವ ಹೋದಮೇಲೆ ಹಾಸಿಗೆ ಅಂಗಡಿ ನೋಡಿಕೊಳ್ಳಲು ಬಂದವನು ಮೊದಲು ಮಾಡಿದ ಕೆಲಸವೇನು ಗೊತ್ತೇ? ಗಲ್ಲಾದ ಮೇಲಿನ ಬೋರ್ಡು ಇಳಿಸಿದ್ದು. "ಕರ್ತನ ನಾಮಕ್ಕೆ ಮಹಿಮೆ" ಎಂದು ನಿನ್ನ ಭಾವ ತಾವೇ ಬಣ್ಣ ಹಚ್ಚಿ ಬರೆದದ್ದು. ಅದನ್ನು ಒರೆಸಿ, ಮನೆಗೆ ತಂದು, ಊಟದ ಮೇಜಿನ ಎದುರು ತೂಗುಹಾಕಿದ. ಕೇಳಿದರೆ, "ಇಲ್ಲೇ ಇರಲಿ ಅತ್ತೆ. ಅಲ್ಲಿ ಅದನ್ನ ನೋಡಿ ಜನ ಹಾಸಿಗೆ ನೋಡದೇ ತಗೊಂಡು ಹೋಗ್ತಾರೆ" ಅಂದ. ಅದಕ್ಕೇ ತಾನೇ ಹಾಕಿದ್ದು? ಭಾನುವಾರ ಸಭೆಯಲ್ಲಿ ಗಂಟಲು ಬಿಚ್ಚಿ ಹಾಡುವವನು ಸೋಮವಾರ ಅಂಗಡಿಯಲ್ಲಿ ದೇವರ ಹೆಸರೇ ಎತ್ತುವುದಿಲ್ಲವೆಂದರೆ ಏನರ್ಥ? ನಾಲ್ಕು ಜನರ ಮುಂದೆ ನಾಚಿಕೆಯೇ? ನಿನ್ನ ಭಾವ ಒಂದು ದಿಂಬು ಮಾರಿದರೂ ಎರಡು ಸಲ "ದೇವರಾಣೆ" ಅನ್ನುತ್ತಿದ್ದರು. ಪಾಪ, ಹತ್ತಿ ಒಳ್ಳೆಯದೇ ಇರುತ್ತಿತ್ತು, ಹೆಚ್ಚಾಗಿ.

ಸಾಲದ್ದಕ್ಕೆ ಈತ ಯಾವ ಹಾಸಿಗೆಯನ್ನೂ ಪೂರ್ತಿ ಹೊಲಿಯುವುದಿಲ್ಲ. ಒಂದು ಮೂಲೆಯಲ್ಲಿ ಕೈ ಹೋಗುವಷ್ಟು ಬಿಟ್ಟು, ದಬ್ಬಣ ಅಲ್ಲೇ ಚುಚ್ಚಿಟ್ಟಿರುತ್ತಾನೆ. ಗಿರಾಕಿ ಬಂದು ನೋಡಿದ ಮೇಲೆಯೇ ಆ ಹೊಲಿಗೆ. ಅಲ್ಲಿಂದ ಹತ್ತಿ ಹೊರಗೆ ಸಾಗುತ್ತಿದೆಯೋ ಏನೋ ಎಂದು ನಾನು ಮೈಯೆಲ್ಲ ಕಣ್ಣಾಗಿ ಕೂತೆ. ಅವನು ಮನೆಗೆ ಬಂದರೆ ಅಂಗಿಯ ತೋಳಿಗೆ ಎಷ್ಟು ಹತ್ತಿ ಅಂಟಿದೆ ಎಂದು ನೋಡುತ್ತಿದ್ದೆ. ಮಗಳು, "ಅಮ್ಮಾ, ನೀನು ಪೊಲೀಸ್ ಕೆಲಸಕ್ಕೆ ಸೇರ್ಕೋ" ಅಂದಳು.

ಕಳೆದ ವಾರ ನಾನು ಅಂಗಡಿಯಲ್ಲಿ ಕೂತಿದ್ದಾಗಲೇ ಹಾಸ್ಟೆಲಿನ ಮೇಡಂ ಬಂದರು, ಹುಡುಗಿಯರಿಗೆಂದು ಮಾಡಿಸಿದ್ದ ಹಾಸಿಗೆ ನೋಡಲು.

"ಎಲ್ಲಾ ಹೊಸ ಹತ್ತಿ ತಾನೇ?"

"ನನಗೆ ಗೊತ್ತಿರೋ ಮಟ್ಟಿಗೆ ಹೊಸದೇ ಮೇಡಂ. ಕೈ ಹಾಕಿ ನೋಡಿ."

"ಅದೆಲ್ಲ ಯಾಕೆ? ದೇವರಾಣೆ ಅಂತ ಹೇಳಿಬಿಡಿ, ಸಾಕು. ನಿಮ್ಮ ಮಾವ ಹೇಳ್ತಿದ್ರಲ್ಲ."

"ಆಣೆ ಇಡಲ್ಲ ಮೇಡಂ. ನೋಡಿ."

ಅವರು ಮುಖ ಗಂಟಿಕ್ಕಿದರು. "ಶುದ್ಧ ಮಾಲಾದ್ರೆ ಆಣೆ ಇಡೋಕೆ ಏನು ಕಷ್ಟ?" ಎಂದು, ಒಂದಕ್ಕೂ ಕೈ ಹಾಕದೆ ಹೊರಟುಹೋದರು. ನನಗೂ ಅದೇ ಪ್ರಶ್ನೆ.

ಅವನು ಊಟಕ್ಕೆ ಹೋದದ್ದೇ ತಡ, ಬಾಗಿಲು ಅರ್ಧ ಎಳೆದು, ಒಂದೊಂದರ ಮೂಲೆಗೂ ಮೊಣಕೈವರೆಗೆ ಕೈ ತೂರಿಸಿದೆ. ಮೊದಮೊದಲು ಹೂವಿನಂಥ ಹತ್ತಿ. ಸಾಕು, ಬಿಡೋಣ ಅಂದುಕೊಳ್ಳುವಾಗ ಗೋಡೆ ಪಕ್ಕದ ಹಾಸಿಗೆಯಲ್ಲಿ ಬೆರಳಿಗೆ ಗಂಟು ಸಿಕ್ಕಿತು. ಎಳೆದೆ. ಹಳದಿ ಬಣ್ಣ, ಬೆವರಿನ ವಾಸನೆ, ಯಾರೋ ವರ್ಷಗಟ್ಟಲೆ ಮಲಗೆದ್ದ ಹತ್ತಿ. ಸುಳ್ಳೇಕೆ ತಮ್ಮಾ, ನನಗೆ ಖುಷಿಯಾಯಿತು. ಸಿಕ್ಕಿಬಿದ್ದ ಅಂದುಕೊಂಡೆ.

ಬಂದ ಕೂಡಲೇ ಮುಖದ ಮುಂದೆ ಹಿಡಿದೆ. "ಏನಪ್ಪಾ ಇದು?"

ಅವನು ಬಿಳಿಚಿಹೋದ. ಮೂಸಿ ನೋಡಿದ. "ಹೊಸ ಮೂಟೆದು ಅತ್ತೆ. ಹತ್ತಿಯವನು ನಡುವೆ ತುರುಕಿ ಕಳಿಸಿದಾನೆ. ಮೇಲ್ಗಡೆ ನೋಡಿ ತುಂಬಿಬಿಟ್ಟೆ, ತಪ್ಪು ನಂದೇ."

ನಾಟಕವೇ ಇರಬೇಕೆಂದು ನಾನು ಅವನಿಂದ ಕಣ್ಣು ಕೀಳಲಿಲ್ಲ. ಅವನು ಇನ್ನೂ ಕಟ್ಟು ಬಿಚ್ಚದ ಮೂಟೆಯನ್ನು ಎಳೆದು ಸೀಳಿದ. ಅದರ ನಡುವೆಯೂ ಅದೇ ಹಳದಿ. ಅಲ್ಲೇ ಕೂತು ಎಲ್ಲ ಹಾಸಿಗೆ ಬಿಚ್ಚಿದ. ಸಂಜೆ ಹಾಸ್ಟೆಲಿಗೆ ಹೊರಟಾಗ ನಾನೂ ಜೊತೆಗೆ ಹೋದೆ, ಏನು ಹೇಳುತ್ತಾನೋ ಕೇಳಬೇಕಲ್ಲ. "ಕೆಲವದ್ರಲ್ಲಿ ಹಳೇ ಹತ್ತಿ ಸೇರಿತ್ತು ಮೇಡಂ. ಬೇರೆ ತುಂಬಿ ಕೊಡ್ತೀನಿ. ಬೇಡ ಅಂದ್ರೆ ಬಿಡಿ" ಅಂದ. ಅವರು ಬೇಡವೆಂದೇ ಹೇಳಿದರು.

ದಾರಿಯಲ್ಲಿ ಕೇಳಿದೆ: "ಹೊಸದು ಅಂತಲೇ ನಂಬಿದ್ದೆಯಲ್ಲ, ಮತ್ತೆ ಆಣೆ ಯಾಕೆ ಇಡಲಿಲ್ಲ?"

"ನಂಬಿದ್ದೆ ಅತ್ತೆ, ಒಳಗೆಲ್ಲ ನೋಡಿರಲಿಲ್ಲ. ನಾನು ನೋಡದೇ ಇರೋದಕ್ಕೆ ದೇವರನ್ನ ಸಾಕ್ಷಿಗೆ ಎಳೆದಿದ್ರೆ, ಇವತ್ತು ಆತನ ಹೆಸರು ಆ ಕೊಳಕು ಹತ್ತಿ ಜೊತೆ ಇರ್ತಿತ್ತು."

"ನಿನ್ನ ಹೆಸರು ಪರಿಶುದ್ಧವಾಗಲಿ" ಎಂದು ಚಿಕ್ಕಂದಿನಿಂದ ಪ್ರಾರ್ಥನೆಯಲ್ಲಿ ಹೇಳುತ್ತ ಬಂದವಳು ನಾನು. ಹಾಡು ಹೇಳಿ, ಬೋರ್ಡು ಹಾಕಿದರೆ ಅದು ಆಗಿಹೋಯಿತು ಅಂದುಕೊಂಡಿದ್ದೆ. ಮರುದಿನ ಬೀಗದ ಕೈ ಎರಡನ್ನೂ ಕೊಟ್ಟೆ. ಒಂದನ್ನು ಅವನು ನನಗೇ ವಾಪಸು ಕೊಟ್ಟು, "ಆಗಾಗ ಬಂದು ಕೈ ಹಾಕಿ ನೋಡ್ತಿರಿ ಅತ್ತೆ" ಅಂದ. ನನ್ನ ಬುದ್ಧಿ ಅವನಿಗೂ ತಿಳಿದುಹೋಗಿದೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನು ಕಾಯಲಿ. ಪತ್ರ ಮುಗಿಸಬೇಕಲ್ಲ ಎಂದು ಬರೆದ ಮಾತಲ್ಲ ಇದು.

ನಿನ್ನ ಅಕ್ಕ

ತಾ.ಕ.: ಹಾಸಿಗೆಯವನನ್ನು ಮದುವೆಯಾದೆನೆಂದು ಅಮ್ಮ ನನ್ನ ಹೆಸರೆತ್ತುವುದನ್ನೇ ಬಿಟ್ಟಿದ್ದಳು. ಅವಳು ತೀರಿಕೊಂಡ ದಿನ ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ಬಾಗಿಲಲ್ಲೇ ನನ್ನ ಕೈ ಹಿಡಿದು, "ದೇವರಾಣೆಗೂ ಅಕ್ಕ, ಕೊನೇ ಗಳಿಗೇಲಿ ನಿನ್ನ ಹೆಸರು ಹಿಡಿದು ಕರೆದಳು" ಅಂದೆ. ನಾನು ಆಣೆ ಕೇಳಿರಲಿಲ್ಲ ತಮ್ಮಾ. ಆ ಮಾತಿನ ಮೇಲೆ ತಲೆಯಿಟ್ಟು ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ. ಈಗ ಅದರಲ್ಲೂ ಬೆರಳಿಗೆ ಗಂಟು ಸಿಗುತ್ತಿದೆ. ಆಗ ನೀನು ಅವಳ ಕೋಣೆಯಲ್ಲಿದ್ದೆಯಾ? ದೇವರನ್ನು ನಡುವೆ ತರಬೇಡ, ಕಿವಿಯಾರೆ ಕೇಳಿದ್ದಷ್ಟನ್ನೇ ಬರಿ. ಕರೆಯಲಿಲ್ಲವಾದರೆ, ಕರೆಯಲಿಲ್ಲ ಎಂದೇ ಬರಿ.